ಪೊರೆ ಆಪರೇಷನ್ ಆದ ಕಣ್ಣಿಗೆ ರಾತ್ರಿಯೂ ತೆಗೆಯದ ಆರ್‌ಜಿಪಿ ಲೆನ್ಸ್: ನನ್ನ ಅನುಭವ

ಪೊರೆ ತೆಗೆದ ಕಣ್ಣಿಗೆ ಮಲಗುವಾಗಲೂ ತೆಗೆಯದ ಆರ್‌ಜಿಪಿ, ಅಂದರೆ ಆಮ್ಲಜನಕ ಹಾಯುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಕೊಡ್ತೀನಿ ಅಂದಾಗ ಜೊತೆಯವರೆಲ್ಲ ಬೇಡ ಅಂದಿದ್ದರು. ವಯಸ್ಸಾದವರು, ಆಪರೇಷನ್ ಆದ ಕಾರ್ನಿಯಾಗೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸ್ಪರ್ಶವೇ ಕಮ್ಮಿ, ಸೋಂಕಾದರೆ ನೋವು ಗೊತ್ತಾಗೋದೇ ತಡ. ಆ ಭಯ ಸುಳ್ಳಲ್ಲ. ಆದರೆ ಕೈ ನಡುಗುವ ಅಜ್ಜಿಗೆ ದಿನಾ ಲೆನ್ಸ್ ಹಾಕಿ ತೆಗೆಯಿರಿ ಅನ್ನೋದು ಹೇಗೆ? ಇಂಥವರ ಕಣ್ಣೊಳಗೆ ಐಓಎಲ್ (ಕೃತಕ ಮಸೂರ) ಕೂರಿಸುವಂತಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದೆ, +12 ಕನ್ನಡಕ ಕೊಟ್ಟರೆ ಒಂದು ಎರಡಾಗಿ ಕಾಣುತ್ತದೆ.

ಮೊದಲ ಐದಾರು ಜನರಲ್ಲಿ ಸೋತೆ. ಡಿಕೆ, ಅಂದರೆ ಲೆನ್ಸಿನ ಮೆಟೀರಿಯಲ್ ಆಮ್ಲಜನಕ ಬಿಡುವ ಅಳತೆ, 100 ಇದ್ದರೆ ಸಾಕು ಅಂದುಕೊಂಡಿದ್ದೆ. +14 ಪವರಿನ ಲೆನ್ಸ್ ನಡುವೆ 0.4 ಮಿ.ಮೀ. ದಪ್ಪ. ಲೆಕ್ಕ ಹಾಕಿದರೆ ಡಿಕೆ/ಟಿ (ಆ ದಪ್ಪದಲ್ಲಿ ನಿಜಕ್ಕೂ ಹಾಯುವ ಆಮ್ಲಜನಕದ ಅಳತೆ) ಬರೋದು 25. ರಾತ್ರಿಗೆ ಕನಿಷ್ಠ ಇಷ್ಟು ಬೇಕು ಅಂತ ಸಂಶೋಧಕರಾದ ಹೋಲ್ಡನ್ ಮತ್ತು ಮರ್ಟ್ಜ್ 1984ರಲ್ಲಿ ಹೇಳಿದ್ದು 87. ಬೆಳಿಗ್ಗೆ ಕಾರ್ನಿಯಾ ಊದಿ ಗೆರೆ ಬೀಳದೆ ಇನ್ನೇನು? ಆಪ್ಟಿಕ್ ಝೋನ್ (ಪವರ್ ಇರುವ ನಡುಭಾಗ) 7.8 ಮಿ.ಮೀ.ನಿಂದ 7ಕ್ಕೆ ಇಳಿಸಿದೆ, ದಪ್ಪ 0.32ರ ಆಸುಪಾಸಿಗೆ ಬಂತು. ಡಿಕೆ 160ರ ಹತ್ತಿರದ ಮೆಟೀರಿಯಲ್ ಹಿಡಿದೆ. ಆದರೂ 50 ದಾಟಲಿಲ್ಲ. ಆದರೆ ಗೆರೆಗಳು ಹೋದವು.

ನಿಜವಾಗಿ ಕಾಡಿದ್ದು ರಾತ್ರಿ ಲೆನ್ಸ್ ಕಣ್ಣಿಗೆ ಅಂಟಿಕೊಳ್ಳುವುದು. ‘ಎದ್ದ ತಕ್ಷಣ ಕಣ್ಣು ಬಿಗಿ ಅನ್ಸತ್ತೆ ಡಾಕ್ಟ್ರೇ’ ಅಂತ ಒಬ್ಬ ಅಜ್ಜಿ ಎರಡು ತಿಂಗಳು ಹೇಳಿದರು. ಅವರು ಬರುತ್ತಿದ್ದುದು ಹನ್ನೊಂದಕ್ಕೆ. ಅಷ್ಟರಲ್ಲಿ ಲೆನ್ಸ್ ಬಿಟ್ಟುಕೊಂಡು ಚೆನ್ನಾಗಿ ಆಡುತ್ತಿತ್ತು, ನಾನೂ ಸರಿಯಾಗಿದೆ ಅಂತ ಕಳಿಸುತ್ತಿದ್ದೆ. ಒಂದು ದಿನ ಏಳುವ ಹೊತ್ತಿಗೇ ಅವರ ಮನೆಗೆ ಹೋದೆ. ಟಾರ್ಚಿಗೆ ನೀಲಿ ಫಿಲ್ಟರ್ ಹಾಕಿ ನೋಡಿದರೆ ಲೆನ್ಸ್ ಮೂಗಿನ ಕಡೆ ಸರಿದು ಅಲ್ಲಾಡದೆ ಕೂತಿದೆ. ಬಿಡಿಸಿ ಫ್ಲೋರೆಸೀನ್ ಬಣ್ಣದ ಹನಿ ಬಿಟ್ಟೆ. ಅಂಚಿನ ಗುರುತು ಬಳೆ ಒತ್ತಿದ ಹಾಗೆ ಮೂಡಿತ್ತು.

ಬಿಗಿ ಫಿಟ್ಟೇ ಕಾರಣ ಅಂತ ಸುಮ್ನೆ ಬೇಸ್ ಕರ್ವ್ (ಲೆನ್ಸಿನ ಒಳಮೈ ಬಾಗು) ಚಪ್ಪಟೆ ಮಾಡಿದೆ. ಇನ್ನೂ ಜಾಸ್ತಿ ಅಂಟಿತು, ಸಾಲದ್ದಕ್ಕೆ ಕೆಳಗೆ ಜಾರಿತು. ಆ ಒಂದೇ ಕಣ್ಣಿಗೆ ನಾಲ್ಕು ಲೆನ್ಸ್ ಆಯಿತು. ಎರಡರವರೆಗೆ ಲ್ಯಾಬ್ ಬದಲಾಯಿಸಿಕೊಟ್ಟಿತು, ಉಳಿದೆರಡು ನನ್ನ ಜೇಬಿಂದ. ಆ ವರ್ಷ ಫಿಟ್ಟಿಂಗ್ ಫೀಸಿನಲ್ಲಿ ಬಂದದ್ದರಲ್ಲಿ ಅರ್ಧಕ್ಕರ್ಧ ಮರುತಯಾರಿಗೇ ಹೋಯಿತು. ನಡುವೆ ಲೆನ್ಸಿಗೆ ಸಣ್ಣ ತೂತು ಕೊರೆಸಿಯೂ ನೋಡಿದೆ. ಹತ್ತು ದಿನಕ್ಕೆ ಲೋಳೆ ಕಟ್ಟಿ ಮುಚ್ಚಿಕೊಂಡಿತು, ದುಡ್ಡು ದಂಡ.

ಕೊನೆಗೆ ಕೈ ಹಿಡಿದದ್ದು ಮೈನಸ್ ಕ್ಯಾರಿಯರ್ (ಅಂಚಿನ ಕಡೆ ದಪ್ಪವಾಗುವ ಹೊರಭಾಗ) ಮತ್ತು ಅಗಲವಾದ ಎಡ್ಜ್ ಲಿಫ್ಟ್ (ಕಣ್ಣಿನಿಂದ ಎತ್ತಿದ ಅಂಚು). ಮೇಲಿನ ರೆಪ್ಪೆ ಲೆನ್ಸನ್ನು ಹಿಡಿದೆತ್ತಿತು. ಬೇಸ್ ಕರ್ವ್ ಮತ್ತೆ ಕೆ ರೀಡಿಂಗಿನ, ಅಂದರೆ ಕಾರ್ನಿಯಾ ಬಾಗಿನ ಅಳತೆಯ, ಹತ್ತಿರಕ್ಕೆ ತಂದೆ. ಲ್ಯಾಬಿಗೆ ಕೊಡುವ ಅಂಚಿನ ಅಳತೆ ಇಲ್ಲಿ ಬರೆಯಲ್ಲ, ಅದಕ್ಕೆ ನಾಲ್ಕು ವರ್ಷ ಸುರಿದಿದ್ದೇನೆ.

ಈಗ ಮೂವತ್ತು ಕಣ್ಣಿನ ಹತ್ತಿರ ಆಗಿವೆ. ಅವುಗಳಲ್ಲಿ ಏಳೆಂಟು ಕಣ್ಣಿಗೆ ಲೆನ್ಸ್ ನಿಲ್ಲಿಸಿದೆ. ಒಬ್ಬರಿಗೆ ಇನ್ಫಿಲ್ಟ್ರೇಟ್ (ಕಾರ್ನಿಯಾದಲ್ಲಿ ಉರಿಯೂತದ ಬಿಳಿ ಚುಕ್ಕೆ) ಬಂತು, ಅದೇ ದಿನ ಲೆನ್ಸ್ ತೆಗೆದು ಚಿಕಿತ್ಸೆ ಶುರು ಮಾಡಿದ್ದಕ್ಕೆ ಕಣ್ಣು ಉಳಿಯಿತು. ಆರು ರಾತ್ರಿ ಹಾಕಿ, ಏಳನೆಯದು ಬಿಡುವು. ತೆಗೆಯೋದು, ತೊಳೆಯೋದು, ಹಾಕೋದು ಮಗಳೋ ಸೊಸೆಯೋ. ಕಲಿಸುವಾಗ ಅವರ ಕೈಯಲ್ಲೇ ಮೂರು ಸಲ ಮಾಡಿಸುತ್ತೇನೆ. ಕೆಂಪು, ನೋವು, ಮಂಜು, ಇವುಗಳಲ್ಲಿ ಒಂದು ಕಂಡರೂ ತೆಗೆದು ಅದೇ ದಿನ ಬರಬೇಕು. ಮನೆಯವರು ಯಾರೂ ಸಿಗದಿದ್ದರೆ ನಾನು ಲೆನ್ಸೇ ಕೊಡುವುದಿಲ್ಲ.