ಐರಿಶ್ ಸಂಗೀತ ಕೇಳೋದು ಹೇಗೆ, ಕೇಳಿ ಮಾತಾಡೋದು ಹೇಗೆ

"ಎಲ್ಲಾ ಒಂದೇ ಥರ ಇದೆ ಅಲ್ವಾ?" ಐರ್ಲೆಂಡಿನ ಹಳೇ ಸಂಪ್ರದಾಯದ ಸಂಗೀತ ಮೊದಲ ಸಲ ಕೇಳಿದವರು ಹೀಗೇ ಹೇಳುತ್ತಾರೆ. ನಾನೂ ಹೇಳಿದ್ದೆ. ಬೆಂಗಳೂರಿನ ಗೆಳೆಯರನ್ನು ಒಮ್ಮೆ ಯಕ್ಷಗಾನಕ್ಕೆ ಕರೆದುಕೊಂಡು ಹೋದಾಗ, ನಡುರಾತ್ರಿ ಹೊತ್ತಿಗೆ ಅವರೂ ಆಕಳಿಸುತ್ತಾ ಇದೇ ಮಾತು ಹೇಳಿದ್ದರು. ಆಗ ನನಗೆ ಸಿಟ್ಟು ಬಂದಿತ್ತು.

ಕಿವಿ ತೆರೆಸಿದ್ದು ತೀರ್ಥಹಳ್ಳಿ ಹತ್ತಿರ ಇರುವ ನಮ್ಮ ದೊಡ್ಡಪ್ಪ. ಅಡಿಕೆ ಸುಲಿಯುವ ಕಾಲ, ಅಂಗಳದಲ್ಲಿ ಮೆಟ್ಟುಗತ್ತಿ ಮೇಲೆ ಸಾಲಾಗಿ ಕೂತಿದ್ದೆವು, ನಿದ್ದೆ ಬಾರದಿರಲಿ ಅಂತ ಫೋನಿನಲ್ಲಿ ಬಾಥಿ ಬ್ಯಾಂಡ್ ಅನ್ನೋ ತಂಡದ 1975ರ ಮೊದಲ ಆಲ್ಬಮ್ ಹಾಕಿದ್ದೆ. ಸ್ವಲ್ಪ ಹೊತ್ತು ಸುಮ್ನೆ ಸುಲಿಯುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ ಹೇಳಿದರು: "ಈಗ ಪದ ಬದಲಾಯ್ತು ನೋಡು." ಪದ ಅಂದರೆ ಹಾಡು. ನನಗೆ ಗೊತ್ತೇ ಆಗಿರಲಿಲ್ಲ. ಹಿಂದಕ್ಕೆ ಎಳೆದು ಕೇಳಿದರೆ, ಹೌದು, ಬದಲಾಗಿತ್ತು.

ಮೊದಲು ಕಲಿಯಬೇಕಾದ್ದು ಅದೇ, ಬದಲಾಗೋದನ್ನು ಹಿಡಿಯೋದು. ಇಲ್ಲಿ ಒಂದು ಧಾಟಿ ಅಂದರೆ ಚಿಕ್ಕದು. ಸಾಮಾನ್ಯವಾಗಿ ಎರಡು ಭಾಗ, ಒಂದೊಂದರಲ್ಲೂ 8 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ), ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಅಲ್ಲಿಗೆ 32 ಬಾರ್, ಒಂದು ಸುತ್ತು. ವೇಗದ ಧಾಟಿಯಾದರೆ ಒಂದು ಸುತ್ತಿಗೆ ಅರ್ಧ ನಿಮಿಷದ ಮೇಲೆ ಸ್ವಲ್ಪ ಅಷ್ಟೇ. ಇಂಥ ಎರಡು ಮೂರು ಸುತ್ತು ಹಾಕಿ, ನಿಲ್ಲಿಸದೆ, ಉಸಿರೂ ತೆಗೆದುಕೊಳ್ಳದವರ ಹಾಗೆ ಇನ್ನೊಂದು ಧಾಟಿಗೆ ಹಾರುತ್ತಾರೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ಪೋಣಿಸಿದ್ದಕ್ಕೆ ಸೆಟ್ ಅಂತಾರೆ. ಆ ಹಾರುವ ಜಾಗದಲ್ಲೇ ಮಜಾ ಇರೋದು. ಸುತ್ತು ಎಣಿಸುತ್ತಾ ಕೇಳಿ, ಬೆರಳು ಮಡಚಿಯಾದರೂ ಸರಿ. ಎರಡನೇ ಸುತ್ತಲ್ಲಿ ಮೊದಲಿನದರಲ್ಲಿ ಇಲ್ಲದ್ದು ಏನಾದರೂ ಬಂತಾ ಅಂತ ನೋಡಿ. ಬರುತ್ತೆ, ಆದರೆ ಸಣ್ಣದು: ಒಂದು ಸ್ವರವನ್ನು ಸುರುಳಿ ಸುತ್ತಿದ ಹಾಗೆ ತಿರುಗಿಸೋದು, ಎಲ್ಲೋ ಒಂದು ಕಡೆ ಪಿಟೀಲಿನ ಬಿಲ್ಲನ್ನು ಎಳೆದು ಬಿಡೋದು. ಆಲಾಪನೆ, ಸ್ವರಪ್ರಸ್ತಾರ ಹುಡುಕಿಕೊಂಡು ಕೂತರೆ ನಿರಾಸೆಯೇ ಗತಿ.

ತಾಳದ ವಿಷಯಕ್ಕೆ ನಮ್ಮವರಿಗೆ ಜಾಸ್ತಿ ಕಷ್ಟ ಆಗಬಾರದು. "ತಕಿಟ ತಕಿಟ" ಅಂತ ಹೇಳಿಕೊಂಡು ಹೊಂದಿದರೆ ಅದು ಜಿಗ್. "ತಕದಿಮಿ ತಕದಿಮಿ" ಓಡಿದರೆ ರೀಲ್. "ತಕಿಟ ತಕಿಟ ತಕಿಟ" ಅಂತ ಮೂರರ ಮೂರು ಬಂದರೆ ಸ್ಲಿಪ್ ಜಿಗ್, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಾರ್ನ್‌ಪೈಪ್ ಕೂಡ ನಾಲ್ಕರದೇ, ಆದರೆ ನಡಿಗೆಯಲ್ಲಿ ಸ್ವಲ್ಪ ಕುಂಟು ಇರುತ್ತೆ. ಇವೆಲ್ಲ ಕುಣಿಯಲಿಕ್ಕೆ ಹುಟ್ಟಿದವು, ಹಾಗಾಗಿ ಕಾಲು ತಾನಾಗೇ ಅಲ್ಲಾಡಿದರೆ ತಡೆಯಬೇಡಿ. ಅಲ್ಲೂ ನಮ್ಮ ಕೊನ್ನಕ್ಕೋಲಿನ ಹಾಗೆ ಅರ್ಥವಿಲ್ಲದ ಅಕ್ಷರಗಳಲ್ಲಿ ಬಾಯಲ್ಲೇ ಧಾಟಿ ಹಾಡುವವರಿದ್ದಾರೆ, ಅದಕ್ಕೆ ಲಿಲ್ಟಿಂಗ್ ಅಂತ ಹೆಸರು.

ಆಮೇಲೆ ಒಂದೊಂದೇ ವಾದ್ಯ ಹಿಡಿಯಿರಿ. ಎಲ್ಲರೂ ನುಡಿಸೋದು ಹೆಚ್ಚುಕಡಿಮೆ ಒಂದೇ ಧಾಟಿ, ಒಟ್ಟಿಗೆ. ಪಿಟೀಲು ನಮಗೆ ಗೊತ್ತಿರೋದೇ, ಆದರೆ ಅಲ್ಲಿ ಕುರ್ಚಿ ಮೇಲೆ ಕೂತು ಭುಜಕ್ಕಿಟ್ಟು ನುಡಿಸುತ್ತಾರೆ. ಇಲ್ಲಿನ್ ಪೈಪ್ಸ್ (uilleann pipes) ಅನ್ನೋ ಗಾಳಿವಾದ್ಯವನ್ನು ತಪ್ಪದೆ ವಿಡಿಯೊದಲ್ಲಿ ನೋಡಿ. ಬಾಯಿಂದ ಊದಲ್ಲ, ಮೊಣಕೈ ಕೆಳಗೆ ಕಟ್ಟಿದ ತಿದಿಯನ್ನು ಒತ್ತಿ ಗಾಳಿ ತುಂಬುತ್ತಾರೆ. ಅದರ ಹೆಸರೇ ಮೊಣಕೈಗೆ ಅಲ್ಲಿಯ ಭಾಷೆಯಲ್ಲಿರುವ ಮಾತಿಂದ ಬಂದದ್ದು. ಹಿಂದೆ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ನಾದ ಹಿಡಿದಿರುತ್ತೆ, ಕಿವಿಗೆ ನಮ್ಮ ಮನೆಯದೇ ಅನ್ನಿಸುತ್ತೆ. 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಬೌರಾನ್ ಅಂದರೆ ಆಡಿನ ಚರ್ಮ ಬಿಗಿದ, ತಮಟೆಯಂಥ ವಾದ್ಯ. ಒಂದು ಕೈ ಚಿಕ್ಕ ಕೋಲಿಂದ ಬಾರಿಸಿದರೆ, ಇನ್ನೊಂದು ಒಳಗಿಂದ ಚರ್ಮ ಒತ್ತಿ ನಾದ ಏರಿಸಿ ಇಳಿಸುತ್ತಾ ಇರುತ್ತೆ. ಫೋನಿನ ಸ್ಪೀಕರಿನಲ್ಲಿ ಇದು ಕೇಳೋದೇ ಇಲ್ಲ, ಅದರಲ್ಲೂ ಮಳೆ ತಗಡಿನ ಮೇಲೆ ಸುರಿಯುವಾಗ. ಇಯರ್‌ಫೋನ್ ಹಾಕಿ.

ಶಿವಮೊಗ್ಗದಲ್ಲಿ ಕೂತವರಿಗೆ ವಿಡಿಯೊನೇ ಗತಿ. ಹುಡುಕುವಾಗ ವೇದಿಕೆ ಕಾರ್ಯಕ್ರಮ ಒಂದನ್ನೇ ನೋಡಬೇಡಿ, ಸೆಷನ್ ಅಂತ ಹುಡುಕಿ. ಪಬ್ಬಿನ ಮೂಲೆಯಲ್ಲಿ ಹತ್ತು ಜನ ದುಂಡಗೆ ಕೂತು, ನಮಗೆ ಬೆನ್ನು ಹಾಕಿ, ತಮ್ಮ ಪಾಡಿಗೆ ನುಡಿಸುತ್ತಿರುತ್ತಾರೆ. ಅದು ಸೊಕ್ಕಲ್ಲ, ಅವರು ನುಡಿಸೋದು ಒಬ್ಬರಿಗೊಬ್ಬರು. ಯಾವತ್ತಾದರೂ ಅಲ್ಲಿಗೇ ಹೋದರೆ ತಾಳ ಹಾಕಲಿಕ್ಕೆ ಚಪ್ಪಾಳೆ ತಟ್ಟಬೇಡಿ, ಸೆಟ್ ಮುಗಿದ ಮೇಲೆ ತಟ್ಟಿ. ಯಾರಾದರೂ ಶಾನ್-ನೋಸ್ ಹಾಡಲು ಶುರು ಮಾಡಿದರೆ ಮಾತು ಪೂರ್ತಿ ನಿಲ್ಲಿಸಿ. ವಾದ್ಯ ಇಲ್ಲ, ತಾಳದ ಕಟ್ಟು ಇಲ್ಲ, ಒಂಟಿ ದನಿ, ಐರಿಶ್ ಭಾಷೆ. ಹೊಸಹಳ್ಳಿ ಕಡೆ ಗಮಕ, ಅಂದರೆ ಕಾವ್ಯವಾಚನ, ಕೇಳಿದವರಿಗೆ ಮಾತಿನ ಹಿಂದೆ ರಾಗ ಹೋಗುವ ಆ ನಡೆ ಹೊಸದು ಅನ್ನಿಸಲಾರದು.

ಇನ್ನು ಹರಟೆ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಮೊದಲ ಪ್ರಶ್ನೆ "ಯಾವ ರಾಗ?" ಕೆಲವು ಧಾಟಿಗಳ ಸ್ವರ ಶಂಕರಾಭರಣಕ್ಕೆ, ಹರಿಕಾಂಭೋಜಿಗೆ, ಖರಹರಪ್ರಿಯಕ್ಕೆ ಹೊಂದುತ್ತೆ ನಿಜ. ಹೊಂದೋದು ಸ್ವರ ಮಾತ್ರ, ರಾಗದ ನಡೆ ಅಲ್ಲ, ಹಾಗಾಗಿ ಆ ಮಾತು ಐದು ನಿಮಿಷದಲ್ಲಿ ಬತ್ತಿಹೋಗುತ್ತೆ. ಅದಕ್ಕಿಂತ ಒಂದೇ ಧಾಟಿಯನ್ನು ಇಬ್ಬರು ನುಡಿಸಿದ್ದು ಹಾಕಿ ಕೂರಿ. ಬಾಥಿ ಬ್ಯಾಂಡಿನ ಓಟ ಕೇಳಿ, ಹಾಗೇ ಪೂರ್ವ ಕ್ಲೇರ್ ಸೀಮೆಯ ಮಾರ್ಟಿನ್ ಹೇಯ್ಸ್ ಪಿಟೀಲು ಕೇಳಿದರೆ, ಅವರು ನಿಧಾನಕ್ಕೆ, ಪ್ರತಿ ಸ್ವರಕ್ಕೂ ಜಾಗ ಬಿಟ್ಟು ನುಡಿಸೋದು ತಕ್ಷಣ ಗೊತ್ತಾಗುತ್ತೆ. ಯಾವುದು ಮೇಲು ಅಂತ ಜಗಳ ಬೇಡ, ಯಕ್ಷಗಾನದ ಬಡಗು ತೆಂಕು ಜಗಳದ ಹಾಗೆ ಅದಕ್ಕೂ ಕೊನೆಯಿಲ್ಲ. ಸೀಮೆಗೊಂದು ಬಾನಿ ಅಲ್ಲೂ ಇದೆ, ಆದರೆ ಗೋಡೆ ಗಟ್ಟಿ ಇಲ್ಲ. ಸ್ಲೈಗೋ ಸೀಮೆಯ ಪಿಟೀಲುಗಾರ ಮೈಕೇಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದವರು, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅವರು ಕೊಟ್ಟ ರೆಕಾರ್ಡುಗಳು ಹಡಗು ಹತ್ತಿ ಊರಿಗೆ ವಾಪಸ್ ಬಂದು, ಬೇರೆ ಬೇರೆ ಸೀಮೆಯ ಪಿಟೀಲಿನವರೂ ಅವರ ಹಾಗೆ ನುಡಿಸಲು ಹೊರಟರು.

"ಇದು ಶುದ್ಧ ಅಲ್ಲ" ಅನ್ನುವವರೊಬ್ಬರು ಎಲ್ಲಾ ಗುಂಪಲ್ಲೂ ಇರುತ್ತಾರೆ. ಅವರಿಗೆ ಬುಝೂಕಿ ಅನ್ನೋ ತಂತಿವಾದ್ಯದ ಕಥೆ ಹೇಳಿ. ಅದು ಗ್ರೀಸ್ ದೇಶದ್ದು, ಐರ್ಲೆಂಡಿಗೆ ಬಂದದ್ದೇ 1960ರ ದಶಕದಲ್ಲಿ, ಈಗ ಅಲ್ಲಿ ಹುಟ್ಟಿದ್ದೇ ಅನ್ನೋ ಹಾಗೆ ಕೂತಿದೆ. ಕರಿಮೆಣಸಿನ ಊರಾದ ನಮ್ಮಲ್ಲಿಗೆ ಒಣಮೆಣಸು ಹೊರಗಿಂದ ಬಂದು ಸಾರಿನ ಬಣ್ಣವನ್ನೇ ಬದಲಾಯಿಸಲಿಲ್ವಾ?

ಮಾತಾಡುವಾಗ ಜಾಗ ತೋರಿಸಿ. "ಸೂಪರ್" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಎರಡನೇ ಧಾಟಿಗೆ ಹೋದಾಗ ಪೈಪ್ಸ್ ಒಂದು ಕ್ಷಣ ನಿಂತಿತಲ್ಲ, ಬೇಕೆಂದೇ ನಿಲ್ಲಿಸಿದರಾ?" ಅಂದರೆ ಎದುರಿನವರು ಮತ್ತೆ ಹಾಕಿ ಕೇಳುತ್ತಾರೆ. ಧಾಟಿಯ ಹೆಸರಿಗಾಗಿ ಒದ್ದಾಡಬೇಡಿ. ಒಂದೇ ಧಾಟಿಗೆ ನಾಲ್ಕು ಹೆಸರು, ಒಂದೇ ಹೆಸರಿಗೆ ಎರಡು ಧಾಟಿ ಇರೋದು ಅಲ್ಲಿ ಮಾಮೂಲು, ನುಡಿಸುವವರಿಗೇ ಎಷ್ಟೋ ಸಲ ಹೆಸರು ಗೊತ್ತಿರಲ್ಲ. ನುಡಿಸಿದವರೇ ಎದುರಿಗೆ ಸಿಕ್ಕರೆ "ಇದನ್ನು ಯಾರಿಂದ ಕಲಿತಿರಿ?" ಅಂತ ಕೇಳಿ. ಅಪ್ಪನಿಂದಲೋ, ಪಕ್ಕದ ಊರಿನ ಮುದುಕನಿಂದಲೋ, ಹಳೇ ರೆಕಾರ್ಡಿಂದಲೋ, ಉತ್ತರ ಉದ್ದ ಇರುತ್ತೆ, ಕೂತುಕೊಳ್ಳಲು ಕುರ್ಚಿ ನೋಡಿಕೊಂಡೇ ಕೇಳಿ.