ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡುವ ಕ್ರಮ

ಬೇಲೂರಿಗೆ ಹೋದವರಲ್ಲಿ ಹಲವರು ಮಹಾದ್ವಾರ ದಾಟಿದೊಡನೆ ನೇರವಾಗಿ ಒಳಗೆ ಧಾವಿಸುತ್ತಾರೆ. ಹಾಗೆ ಮಾಡದೆ ಮೊದಲು ಗುಡಿ ನಿಂತಿರುವ ಎತ್ತರದ ಕಲ್ಲಿನ ಕಟ್ಟೆಯಾದ ಜಗತಿಯನ್ನು ಹತ್ತಿ, ಗುಡಿಯನ್ನು ಬಲಕ್ಕಿಟ್ಟುಕೊಂಡು ನಿಧಾನವಾಗಿ ಒಂದು ಸುತ್ತು ಬನ್ನಿ. ಗರ್ಭಗುಡಿಯ ಸುತ್ತ ಒಳಗೆ ಪ್ರದಕ್ಷಿಣಾಪಥವಿಲ್ಲದ ಈ ದೇವಾಲಯದಲ್ಲಿ ಜಗತಿಯೇ ಪ್ರದಕ್ಷಿಣೆಯ ದಾರಿ; ಶಿಲ್ಪ ನೋಡುವುದೂ ದೇವರಿಗೆ ಸುತ್ತು ಬರುವುದೂ ಇಲ್ಲಿ ಒಂದೇ ನಡಿಗೆ. ಬರಿಗಾಲಲ್ಲಿ ನಡೆಯಬೇಕಾದ್ದರಿಂದ ಕಲ್ಲು ಕಾಯುವ ಮೊದಲೇ, ಬೆಳಿಗ್ಗೆ ಹೋಗುವುದು ಒಳ್ಳೆಯದು.

ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಬೆನ್ನಲ್ಲೇ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ದೇವರ ಮೊದಲ ಹೆಸರು ವಿಜಯನಾರಾಯಣ. ಹಾಳಾಗಿದ್ದ ಮಹಾದ್ವಾರವನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದನು.

ಸುತ್ತು ಬರುವಾಗ ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಅಡಿಯಲ್ಲಿ ಆನೆಗಳ ಸಾಲು, ಚಾವಣಿಯ ಅಂಚಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು, ಎಂದರೆ ಸುಂದರಿಯರ ಶಿಲ್ಪಗಳು. ಒಳಗಿನ ನಾಲ್ವರೂ ಸೇರಿ ಅವರು 42 ಮಂದಿ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಕ್ರಮೇಣ ಗಟ್ಟಿಯಾಗುವ ಬಳಪದ ಕಲ್ಲಾದ್ದರಿಂದಲೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಒಬ್ಬ ಮದನಿಕೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ, ಹಣ್ಣಿನ ಮೇಲೆ ಕುಳಿತ ನೊಣವನ್ನು ಹಿಡಿಯಲು ಹಲ್ಲಿಯೊಂದು ಹೊಂಚು ಹಾಕಿದೆ. ಅದನ್ನು ಹುಡುಕಿಯೇ ಮುಂದೆ ಹೋಗಿ. ಪೀಠಗಳಲ್ಲಿ ಶಿಲ್ಪಿಗಳು ಕನ್ನಡದಲ್ಲಿ ಕೊರೆದ ತಮ್ಮ ಹೆಸರುಗಳನ್ನೂ ನೋಡಿ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಮುಖ್ಯರು. ನನ್ನ ಮಟ್ಟಿಗೆ, ಅರಸನ ಶಾಸನದಷ್ಟೇ ಗೌರವದಿಂದ ಓದಬೇಕಾದ ಅಕ್ಷರಗಳಿವು.

ಮೂಡಣ ಬಾಗಿಲಿನ ಇಕ್ಕೆಲದ ಜಾಲಂಧ್ರಗಳಲ್ಲಿ (ರಂಧ್ರಗಳಿರುವ ಕಲ್ಲಿನ ಕಿಟಕಿಗಳಲ್ಲಿ) ಕೆತ್ತಿದ ಅರಸರ ಒಡ್ಡೋಲಗವನ್ನು ನೋಡಿ ಒಳಗೆ ಬನ್ನಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ನಿಂತರೆ ನವರಂಗದ, ಎಂದರೆ ಒಳಮಂಟಪದ, ಕಂಬಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಗರ್ಭಗುಡಿಯ ಮುಂದೆ ಸ್ವಾಮಿಯ ನಾಲ್ಕು ಕೈಗಳನ್ನು ಗಮನಿಸಿ. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳು ಬೇರೆಯಾಗುವುದು ಆಯುಧಗಳ ಕ್ರಮದಿಂದ. ಕೆಳಗಿನ ಬಲಗೈಯಿಂದ ಮೊದಲುಗೊಂಡು ಪದ್ಮ, ಶಂಖ, ಚಕ್ರ, ಗದೆ ಎಂಬ ಕ್ರಮವಿದ್ದರೆ ಆತ ಕೇಶವ. ಪೂಜೆ ಇಂದಿಗೂ ನಡೆಯುವ ಗುಡಿಯಿದು. ಮಂಗಳಾರತಿಯ ಹೊತ್ತಿಗೆ ಮಾತು ನಿಲ್ಲಿಸಿ ನಿಲ್ಲಿ.

ಹೊರಡುವ ಮುನ್ನ ಅದೇ ಪ್ರಾಕಾರದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಬಿಡಬೇಡಿ. ಅದನ್ನು ಮಾಡಿಸಿದವಳು ಜಿನಭಕ್ತೆಯಾಗಿದ್ದ ಪಟ್ಟದರಸಿ ಶಾಂತಲೆ.