ಎನ್ ಪ್ರೋಟೀನಿನ ಆವೇಶ ವಿನ್ಯಾಸ: ಪಿ-ಮೌಲ್ಯಗಳನ್ನು ಹತೋಟಿಗೆ ತಂದ ಬಗೆ

ಬೀಟಾಕೊರೊನಾವೈರಸ್‌ಗಳ ಆರ್‌ಎನ್‌ಎಯನ್ನು ಸುತ್ತಿಡುವ ನ್ಯೂಕ್ಲಿಯೊಕ್ಯಾಪ್ಸಿಡ್ (ಎನ್) ಪ್ರೋಟೀನಿನಲ್ಲಿ ಧನಾವೇಶದ ಅಮೈನೋ ಆಮ್ಲಗಳಾದ ಲೈಸಿನ್ ಮತ್ತು ಆರ್ಜಿನಿನ್‌ಗಳು ಎಲ್ಲೆಲ್ಲಿ ಗುಂಪುಗೂಡುತ್ತವೆ ಎಂಬುದನ್ನು ಜಾರುಕಿಟಕಿ ವಿಧಾನದಿಂದ (ಸರಣಿಯ ಒಂದೊಂದು ಚಿಕ್ಕ ತುಂಡನ್ನೇ ಕಿಟಕಿಯಾಗಿ ಸರಿಸುತ್ತಾ ನೋಡಿ) ಅಳೆಯುವಾಗ, ಹೆಚ್ಚುಕಡಿಮೆ ಪ್ರತಿಯೊಂದು ಕಿಟಕಿಯ ಪಿ-ಮೌಲ್ಯವೂ (ಅಷ್ಟು ದಟ್ಟ ಗುಂಪು ಬರೀ ಆಕಸ್ಮಿಕವಾಗಿ ಮೂಡುವ ಸಂಭವ) ನಂಬಲಾರದಷ್ಟು ಚಿಕ್ಕದಾಗಿ ಬರುತ್ತಿತ್ತು. ಕೋಡ್‌ನಲ್ಲಿ ದೋಷವಿರಲಿಲ್ಲ, ತೊಡಕು ದತ್ತಾಂಶದಲ್ಲೇ ಇತ್ತು. ಇಳಿಸಿಕೊಂಡ ಸರಣಿಗಳಲ್ಲಿ ಬಹುಪಾಲು ಕೋವಿಡ್-19ರ ವೈರಸ್ ಆದ ಸಾರ್ಸ್-ಕೋವ್-2ರವು, ಅಂದರೆ ಒಂದೇ ವಂಶದ ನಕಲುಗಳು. ಅವನ್ನು ಸ್ವತಂತ್ರ ಮಾದರಿಗಳೆಂದು ಎಣಿಸಿದರೆ ಪುರಾವೆ ತಾನಾಗಿಯೇ ಉಬ್ಬುತ್ತದೆ.

ಹೋಲುವ ಸರಣಿಗಳನ್ನು ಗುಂಪುಗೂಡಿಸುವ ಸಿಡಿ-ಹಿಟ್ ತಂತ್ರಾಂಶದಲ್ಲಿ 90% ಹೋಲಿಕೆಯ ಮಿತಿಯಿಟ್ಟು ಪ್ರತಿ ಗುಂಪಿಗೆ ಒಂದೇ ಪ್ರತಿನಿಧಿಯನ್ನು ಉಳಿಸಿಕೊಂಡೆ. ಆದರೂ ಸಮಸ್ಯೆ ಪೂರ್ತಿ ನೀಗಲಿಲ್ಲ. ಇಡೀ ಪ್ರೋಟೀನನ್ನು ಕಲೆಸಿ ಶೂನ್ಯ ಮಾದರಿ (ಬರೀ ಆಕಸ್ಮಿಕವಾದರೆ ಏನು ಕಾಣುತ್ತದೆ ಎಂಬ ಹೋಲಿಕೆ) ಕಟ್ಟುವುದೆಂದರೆ, ಆರ್‌ಎನ್‌ಎಗೆ ಅಂಟುವ ಮಡಿಚಿದ ಭಾಗಕ್ಕೂ ಸೆರೀನ್-ಆರ್ಜಿನಿನ್ ತುಂಬಿದ ಸಡಿಲ ಭಾಗಕ್ಕೂ ಒಂದೇ ಸಂಯೋಜನೆಯಿದೆ ಎಂದು ಒಪ್ಪಿಕೊಂಡಂತೆ. ಹಾಗಾಗಿ ಆಯಾ ಭಾಗದೊಳಗೇ 10,000 ಬಾರಿ ಕಲೆಸಿ, ನಂತರ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದಾಗ ಬರುವ ಸುಳ್ಳು ಫಲಿತಾಂಶಗಳ ಪಾಲನ್ನು ಹತೋಟಿಯಲ್ಲಿಡುವ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಮಾಡಿದೆ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಪಿಕೆಎ (ಅದರ ಅರ್ಧ ಅಣುಗಳಷ್ಟೇ ಧನಾವೇಶ ಹೊತ್ತಿರುವ ಪಿಎಚ್) ಸುಮಾರು 6 ಇರುವುದರಿಂದ, 7.4 ಪಿಎಚ್‌ನಲ್ಲಿ ಹೆಚ್ಚಿನವು ಆವೇಶ ಕಳೆದುಕೊಂಡಿರುತ್ತವೆ; ಹಾಗಾಗಿ ಅದನ್ನು ಧನಾವೇಶದ ಲೆಕ್ಕಕ್ಕೆ ಸೇರಿಸಲಿಲ್ಲ.

ಈಗ ಕೆಲವೇ ಕಿಟಕಿಗಳು ಉಳಿದಿವೆ. ಪರೀಕ್ಷೆಗೆಂದು ಆರ್203ಕೆ (203ನೇ ಸ್ಥಾನದ ಆರ್ಜಿನಿನ್ ಲೈಸಿನ್ ಆಗುವುದು), ಜಿ204ಆರ್ (204ರ ಗ್ಲೈಸಿನ್ ಆರ್ಜಿನಿನ್ ಆಗುವುದು) ರೂಪಾಂತರಗಳನ್ನು ಹಾಕಿ ನೋಡಿದೆ: ಮೊದಲನೆಯದು ಆವೇಶವನ್ನು ಬದಲಿಸುವುದಿಲ್ಲ, ಎರಡನೆಯದು ಒಂದು ಧನಾವೇಶವನ್ನು ಕೂಡಿಸುತ್ತದೆ, ನಿವ್ವಳ ಆವೇಶದ ರೇಖೆಯೂ ಅಷ್ಟೇ ಏರಿತು. ಆದರೆ ಈ ರೂಪಾಂತರಗಳಿರುವ ಸಡಿಲ ಭಾಗದ ಸೆರೀನ್‌ಗಳಿಗೆ ಫಾಸ್ಫೇಟ್ ಸೇರಿದಾಗ ಬರುವ ಋಣಾವೇಶ ಸರಣಿಯಲ್ಲಿ ಕಾಣುವುದಿಲ್ಲವಾದ್ದರಿಂದ, ಆ ಭಾಗದ ಫಲಿತಾಂಶವನ್ನು ನಾನು ಪ್ರತ್ಯೇಕ ಕೋಷ್ಟಕದಲ್ಲಿಯೇ ಇಟ್ಟಿದ್ದೇನೆ.